ತಾಯಿ ತಿದ್ದತಕ್ಕದ್ದಲ್ಲ

ಕೈಯಲ್ಲಿ ಕೆಂಪು ಪೆನ್ಸಿಲಿಲ್ಲದೆ ನನಗೆ ಏನನ್ನೂ ಓದಲು ಬರುವುದಿಲ್ಲ. ಮದುವೆಯ ಕರೆಯೋಲೆ, ಔಷಧದ ಸೀಸೆಗೆ ಅಂಟಿಸಿದ ಚೀಟಿ, ಹೋಟೆಲಿನ ತಿಂಡಿಯ ಹಲಗೆ, ಯಾವುದರ ಮುಂದೆ ನಿಂತರೂ ಬೆರಳು ತುರಿಸುತ್ತದೆ. ಮದ್ರಾಸಿನ ಒಂದು ದಿನಪತ್ರಿಕೆಯಲ್ಲಿ ಮೊದಲು ಕರಡು ತಿದ್ದಿ, ಆಮೇಲೆ ಸುದ್ದಿ ತಿದ್ದಿದ್ದರ ಫಲ ಇದು. ಮದುವೆಯಾದ ಹೊಸತರಲ್ಲಿ ಗಂಡ ರೈಲ್ವೆ ಕೆಲಸದ ಮೇಲೆ ಊರೂರು ಸುತ್ತುತ್ತ ಬರೆದ ಮೊದಲ ಪ್ರೇಮಪತ್ರವನ್ನೂ ನಾನು ಬಿಟ್ಟಿರಲಿಲ್ಲ. ಒಂದೇ ಮಾತನ್ನು ಮೂರು ಸಲ ಹೇಳಿದ್ದರು. ಎರಡನ್ನು ಹೊಡೆದುಹಾಕಿ, ಅವರು ಬಂದಾಗ ತೋರಿಸಿದೆ. ಅವರು ನಕ್ಕರು. ಆ ನಗುವಿನ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ.

ನಾವು ಬೇರೆಯಾದದ್ದು ಇದೊಂದೇ ಕಾರಣಕ್ಕಲ್ಲ. ಉಳಿದ ಕಾರಣಗಳು ಕೋರ್ಟಿನ ಕಡತದಲ್ಲಿವೆ, ಅಲ್ಲೇ ಇರಲಿ. ಮಗಳು ವಸುಧಾ ಮದ್ರಾಸಿನ ರಾಯಪುರದ ಮನೆಯಲ್ಲಿ ನನ್ನೊಡನೆ ಇರುವುದು, ಭಾನುವಾರ ನಾಲ್ಕು ಗಂಟೆಗೆ ತಂದೆ ಪೆರಂಬೂರಿನಿಂದ ಬಸ್ಸಿನಲ್ಲಿ ಬಂದು ಅವಳನ್ನು ಕಡಲ ಕಡೆಗೆ ಕರೆದೊಯ್ಯುವುದು ಎಂದು ಆದೇಶವಾಗಿತ್ತು. ಎರಡು ವರ್ಷ ಅದು ಗಡಿಯಾರದಂತೆ ನಡೆಯಿತು. ಅವಳಿಗೆ ಒಂಬತ್ತು ತುಂಬಿದಾಗ ಅವರಿಗೆ ನಾಗಪುರಕ್ಕೆ ವರ್ಗವಾಯಿತು. ಹಿಂದೆಯೇ ವಕೀಲರ ನೋಟೀಸು ಬಂತು: ಇನ್ನು ಭಾನುವಾರದ ಭೇಟಿ ಸಾಧ್ಯವಿಲ್ಲವಾದ್ದರಿಂದ ಮಗು ನಾಗಪುರದಲ್ಲಿರಲಿ, ನೋಡಿಕೊಳ್ಳಲು ಅಜ್ಜಿ ಇದ್ದಾರೆ, ತಾಯಿಯ ಬಳಿ ರಜೆಯಲ್ಲಿ ಬರಲಿ.

ಆ ಕಾಗದವನ್ನು ಮೂರು ಸಲ ಓದಿದೆ. ತಿದ್ದಲು ಏನೂ ಸಿಗದ ಕಾಗದ ನನ್ನ ಜೀವಮಾನದಲ್ಲಿ ಅದೊಂದೇ.

ಅತ್ತು ಕೂರುವ ಅಭ್ಯಾಸ ನನಗಿಲ್ಲ. ಮಗಳು ನನ್ನಲ್ಲೇ ಇರಬೇಕು. ಅದು ಶೀರ್ಷಿಕೆ, ಅದಕ್ಕೆ ಆಧಾರ ಒದಗಿಸುವುದು ನನ್ನ ಕೆಲಸ. ಶಾಲೆಯ ಹಾಜರಿ ಪತ್ರ ತಂದುಕೊಂಡೆ. ಸಂಪಾದಕರನ್ನು ಹಿಡಿದು ಹಗಲು ಪಾಳಿಗೆ ಬದಲಾಯಿಸಿಕೊಂಡು, ಅದನ್ನು ಅವರ ಸಹಿಯೊಂದಿಗೆ ಬರೆಸಿಕೊಂಡೆ. ಸಂಜೆ ನಾನು ಬರುವವರೆಗೆ ವಸುಧಾಳನ್ನು ನೋಡಿಕೊಳ್ಳುವ ಪಕ್ಕದ ಮನೆಯ ಮೇರಿಯಮ್ಮನ ಹೇಳಿಕೆ ಪಡೆದೆ. ಎಲ್ಲವನ್ನೂ ಜೋಡಿಸಿ ನಮ್ಮ ವಕೀಲರಾದ ಭಟ್ಟರಿಗೆ ಕೊಟ್ಟೆ. ಭಟ್ಟರು ಪುತ್ತೂರಿನ ಕಡೆಯವರು. ದಕ್ಷಿಣ ಕನ್ನಡವು ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಕಾನೂನು ಓದಲು ಬಂದವರು, ಜಿಲ್ಲೆ ಮೈಸೂರಿಗೆ ಹೋದರೂ ತಾವು ಹೋಗಲಿಲ್ಲ.

ಕೋರ್ಟಿನ ಬರವಣಿಗೆಗೂ ಪತ್ರಿಕೆಯ ಬರವಣಿಗೆಗೂ ಎಣ್ಣೆ-ಸೀಗೆಕಾಯಿ ಸಂಬಂಧ. ನಮ್ಮಲ್ಲಿ ಮುಖ್ಯವಾದದ್ದನ್ನು ಮೊದಲು ಹೇಳಬೇಕು. ಅಲ್ಲಿ ಹನ್ನೆರಡು ಪ್ಯಾರಾಗಳ ಕೆಳಗೆ ಹೂತಿಡಬೇಕು. ನಾವು ಒಂದು ಸಲ ಹೇಳಿದರೆ ಅವರು ‘ಮೇಲೆ ಹೇಳಿದ’, ‘ಸದರಿ’ ಎಂದು ಐದು ಸಲ ಹೇಳುತ್ತಾರೆ. ನನ್ನ ಪ್ರಮಾಣಪತ್ರ ಸ್ಟಾಂಪು ಕಾಗದದಲ್ಲಿ ಟೈಪಾಗಿ, ನನ್ನ ಸಹಿಗಾಗಿ ಕಚೇರಿಗೆ ಬಂದದ್ದು ಶುಕ್ರವಾರ ಸಂಜೆ. ವಿಚಾರಣೆ ಸೋಮವಾರ. ಮೇಜಿನ ಮೇಲಿದ್ದ ಕರಡಚ್ಚಿನ ಹಾಳೆಗಳ ಜೊತೆ ಅದನ್ನೂ ಎಳೆದುಕೊಂಡೆ. ಎಚ್ಚರವಾಗುವಷ್ಟರಲ್ಲಿ ನಾಲ್ಕು ಪುಟಗಳ ತುಂಬ ಕೆಂಪು ಗೀಟು, ಅಂಚಿನಲ್ಲಿ ಗುರುತು, ‘ಸದರಿ’ಗಳೆಲ್ಲ ಹತ.

ಮರುದಿನ ಬೆಳಿಗ್ಗೆ ಭಟ್ಟರು ಅದನ್ನು ಬೆಳಕಿಗೆ ಹಿಡಿದರು.

“ಇದೆಂತದು ಮಾರಾಯ್ತಿ! ಸ್ಟಾಂಪು ಕಾಗದಕ್ಕೆ ಕುಂಕುಮಾರ್ಚನೆ ಮಾಡಿದ್ದೀರಲ್ಲ?”

“ಕೈ ತಪ್ಪಿಹೋಯ್ತು ಭಟ್ರೇ. ಆದರೆ ಏಳನೇ ಪ್ಯಾರಾ ಮಾತ್ರ ಬೇಕಂತಲೇ ಹೊಡೆದಿದ್ದೇನೆ.”

ಏಳನೆಯದರಲ್ಲಿ, ತಂದೆಗೆ ಮಗುವಿನ ಮೇಲೆ ಅಕ್ಕರೆಯಿಲ್ಲ, ಭೇಟಿಗೆ ಸರಿಯಾಗಿ ಬರುತ್ತಿರಲಿಲ್ಲ ಎಂದಿತ್ತು.

“ಅದೇ ನಮ್ಮ ಗಟ್ಟಿ ಪಾಯಿಂಟು!”

“ಅದು ಸುಳ್ಳು. ಎರಡು ವರ್ಷದಲ್ಲಿ ಅವರು ತಪ್ಪಿಸಿದ್ದು ಮೂರೇ ಭಾನುವಾರ. ಒಂದು ಸಲ ಜ್ವರ, ಎರಡು ಸಲ ಮಳೆಗೆ ಬಸ್ಸಿಲ್ಲ. ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಅದನ್ನೇ ಹಾಕಿ.”

“ನಾನು ಯಾರ ವಕೀಲ ಅಂತ ಒಮ್ಮೆ ಹೇಳಿಬಿಡಿ, ನನಗೂ ಗೊತ್ತಾಗ್ಲಿ. ಇದನ್ನು ಹಾಕಿ ಮಗು ಕೈಬಿಟ್ಟು ಹೋದ್ರೆ?”

ಹೋದರೂ ಹೋಗಬಹುದೆಂದು ನನಗೂ ಗೊತ್ತಿತ್ತು. ಆದರೂ ಒಂದು ಸುಳ್ಳು ಅಚ್ಚಾದ ಪುಟದಲ್ಲಿ ಉಳಿದ ನಿಜವನ್ನು ಯಾರೂ ನಂಬುವುದಿಲ್ಲ ಎಂಬುದನ್ನು ನಾನು ಕಸುಬಿನಲ್ಲಿ ಕಂಡಿದ್ದೆ. “ಹಾಕಿ” ಎಂದೆ. ಹೊಸ ಸ್ಟಾಂಪು ಕಾಗದ ಕೊಂಡು, ಕೋರ್ಟಿನ ಜಗಲಿಯ ಟೈಪಿಸ್ಟನ ಪಕ್ಕದಲ್ಲಿ ಕೈಕಟ್ಟಿ ಕೂತು, ನಾಲ್ಕೂ ಪುಟ ಮತ್ತೆ ಮಾಡಿಸಿದೆ. ‘ಸದರಿ’ಗಳು ಮರಳಿ ಜೀವ ಪಡೆದವು.

ಸೋಮವಾರ ನ್ಯಾಯಾಧೀಶರು ನಿಧಾನವಾಗಿ ಓದಿದರು. ಏಳನೇ ಪ್ಯಾರಾದಲ್ಲಿ ನಿಂತು, ಕನ್ನಡಕ ಮೇಲೆತ್ತಿ, “ಇದನ್ನು ಹೇಳುತ್ತಿರುವವರು ನೀವೇನಾ?” ಎಂದರು. ಹೌದೆಂದೆ. ಮುಂದಿನ ಪುಟಗಳ ಬಗ್ಗೆ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆದೇಶ ಹೀಗಿತ್ತು: ಮಗು ತಾಯಿಯ ಬಳಿಯೇ ಇರಬೇಕು. ಬೇಸಗೆ ರಜೆಯ ಅರ್ಧ ನಾಗಪುರದಲ್ಲಿ. ಮಗುವಿನ ಖರ್ಚಿನ ಹಣ ತಿಂಗಳ ಮೊದಲ ವಾರ ಮನಿ ಆರ್ಡರಿನಲ್ಲಿ ಬರಬೇಕು. ಯಾರ ವಿಳಾಸ ಬದಲಾದರೂ ಇನ್ನೊಬ್ಬರಿಗೂ ಕೋರ್ಟಿಗೂ ತಿಳಿಸಬೇಕು. ಹದಿನೈದು ದಿನಕ್ಕೊಮ್ಮೆ ಮಗು ತಂದೆಗೆ ಪತ್ರ ಬರೆಯಬೇಕು.

ಆಗ ವಸುಧಾಳ ತಂದೆ ಎದ್ದು ತಮ್ಮ ವಕೀಲರ ಕಿವಿಯಲ್ಲಿ ಏನೋ ಹೇಳಿದರು. ವಕೀಲರು ನಗು ತಡೆದುಕೊಂಡು ಇನ್ನೊಂದು ಷರತ್ತು ಕೇಳಿದರು. ಭಟ್ಟರು ನನ್ನ ಕಡೆ ಬಾಗಿ, “ಒಪ್ಪಿಕೊಳ್ಳಿ ಮಾರಾಯ್ತಿ, ನಿಮಗೆ ಇದೊಂದೇ ಶಿಕ್ಷೆ” ಎಂದರು. ಕೋರ್ಟಿನ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಅದು ಹೀಗಿತ್ತು: ಪತ್ರಗಳು ಮಗುವಿನ ಸ್ವಂತ ಮಾತಿನಲ್ಲಿರತಕ್ಕದ್ದು, ತಾಯಿ ತಿದ್ದತಕ್ಕದ್ದಲ್ಲ.

ನಮ್ಮ ನಾಡಿನ ಹಳೆಯ ದಾನಶಾಸನಗಳ ಕೊನೆಯಲ್ಲಿ, ಈ ದಾನವನ್ನು ಕೆಡಿಸಿದವರಿಗೆ ಇಂಥಿಂಥ ಪಾಪ ಬರಲಿ ಎಂಬ ಶಾಪವಿರುತ್ತದೆ. ಕೊಟ್ಟದ್ದರ ಮೇಲೆ ಕೈಯಾಡಿಸುವವರು ಎಲ್ಲ ಕಾಲದಲ್ಲೂ ಇದ್ದರೆಂದು ನನಗೆ ಅದರಿಂದ ಸಮಾಧಾನ. ಅವರನ್ನು ಹೆದರಿಸಲು ಕಲ್ಲೇ ಬೇಕಾಯಿತು. ನನಗೆ ಒಂದು ಸಾಲು ಸಾಕಾಯಿತು.

ಮೊದಲ ಮನಿ ಆರ್ಡರ್ ಹೇಳಿದ ವಾರದಲ್ಲೇ ಬಂತು. ಅದರ ಕೂಪನಿನ ಅಂಗೈಯಗಲದ ಜಾಗದಲ್ಲಿ ತಂದೆ ಮಗಳಿಗೆ ಇರುವೆಯಂಥ ಅಕ್ಷರದಲ್ಲಿ ಬರೆದಿದ್ದರು. ಯಾವ ಮಾತನ್ನೂ ಎರಡು ಸಲ ಹೇಳಿರಲಿಲ್ಲ. ವಸುಧಾ ಉತ್ತರ ಬರೆಯಲು ಕೂತಳು. ನಾನು ಸುಮ್ಮನೆ ಆ ಕಡೆ ಹಾದುಹೋದೆ.

“ಅಮ್ಮಾ, ಪಾಕ್ಕಾದೇ!” ನೋಡಬೇಡ ಎಂದು ಅವಳು ತಮಿಳಿನಲ್ಲಿ ಗದರಿದಳು. ಮನೆಗೆಲ್ಲ ಕನ್ನಡ, ಗದರುವುದಕ್ಕೆ ತಮಿಳು.

“ನಾನೆಲ್ಲಿ ನೋಡಿದೆ? ಅಂಚೆಚೀಟಿ ಹುಡುಕ್ತಿದ್ದೀನಿ.”

“ಅದು ನಿನ್ನ ಕೈಯಲ್ಲೇ ಇದೆ.”

ಬರೆದು ಮುಗಿಸಿ ಅವಳು ಆಡಲು ಓಡಿದಳು. ತಿದ್ದಬಾರದೆಂದು ಆದೇಶದಲ್ಲಿತ್ತು, ಓದಬಾರದೆಂದು ಇರಲಿಲ್ಲ. ಆದೇಶದ ಪ್ರತಿಯನ್ನು ತೆಗೆದು ಎರಡು ಸಲ ಖಚಿತಪಡಿಸಿಕೊಂಡೇ ಪತ್ರ ಬಿಡಿಸಿದೆ. ಮೀನಿನ ಬಲೆ, ಮೇರಿಯಮ್ಮನ ಬೆಕ್ಕು, ಲೆಕ್ಕದ ಮೇಷ್ಟ್ರು ಎಲ್ಲ ಒಂದೇ ಉಸಿರಿನಲ್ಲಿ ಬಂದಿದ್ದರು. ಕೊನೆಯಲ್ಲಿ ಹೀಗಿತ್ತು: ‘ಭಾನುವಾರ ನಾಲ್ಕು ಗಂಟೆಗೆ ನಾನು ಬಸ್ಸು ನಿಲ್ಲುವ ಕಡೆ ನೋಡುತ್ತೇನೆ. ಅಮ್ಮನೂ ನೋಡುತ್ತಾಳೆ.’

ಕೆಂಪು ಪೆನ್ಸಿಲ್ ಕೈಗೆ ಬಂದೇ ಬಿಟ್ಟಿತ್ತು. ಕೊನೆಯ ಎರಡು ಪದ ಹೊಡೆದರೆ ಪತ್ರ ಚೊಕ್ಕವಾಗುತ್ತಿತ್ತು. ಹಿಂದಿನ ಭಾನುವಾರವನ್ನು, ಅದರ ಹಿಂದಿನದನ್ನೂ ನೆನೆದುಕೊಂಡೆ. ನನ್ನ ಡೈರಿಯಲ್ಲಿ ಇಲ್ಲದ ಸುದ್ದಿ, ಆದರೆ ಸುಳ್ಳಲ್ಲ.

ಪೆನ್ಸಿಲ್ ಕೆಳಗಿಟ್ಟು, ಲಕೋಟೆಗೆ ಅಂಟು ಹಚ್ಚಿ, ಅಂಚೆಚೀಟಿ ಒತ್ತಿ, ಮೂಲೆಯ ಡಬ್ಬಿಗೆ ಹಾಕಿ ಬಂದೆ.