ಎರಡು ಸಲ ಕೂಡಿಸಿದ ಒಂದೂವರೆ ಗಂಟೆ

ಸುಧಾಕರ, ನಿನ್ನ ಅಕ್ಕನ ಚಿತೆಗೆ ನೀನು ಬರುವ ಮೊದಲೇ ಬೆಂಕಿ ಇಡಿಸಿದ್ದು ನಾನು — ನಿನ್ನ ಕೃಷ್ಣಪ್ಪ ಮಾವನಲ್ಲ.

ನಾಲ್ಕು ವರ್ಷ ಇದನ್ನು ಮುಚ್ಚಿಟ್ಟೆ. ಮೂಡುಬಿದಿರೆಯಿಂದ ಮೂವತ್ತು ವರ್ಷ ಸುದ್ದಿ ಬರೆದವನು ನಾನು. ಊರು, ಹೆಸರು, ಹೊತ್ತು ಎರಡೆರಡು ಸಲ ನೋಡದೆ ಕಳಿಸಿದವನಲ್ಲ. ಆ ಹೆಮ್ಮೆಯೇ —

ಅಕ್ಕ ತೀರಿದ ಮರುದಿನ. ಶಿರ್ತಾಡಿಯ ನಿಮ್ಮ ಅಂಗಳದಲ್ಲಿ ಎಲ್ಲರೂ ನಿನಗಾಗಿ ಕಾಯುತ್ತಿದ್ದರು; ಮನೆಯ ಹಳೆಯ ಪರಿಚಯದವನಾಗಿ ನಾನೂ ಇದ್ದೆ. ನಿನ್ನನ್ನು ಸಾಕಿ ಬೆಳೆಸಿದವಳು ಅವಳು. "ನಾನು ಬಂದು ಬಾಯಿಗೆ ನೀರು ಬಿಡ್ತೇನೆ, ಅಲ್ಲಿವರೆಗೆ ಇಡಿ" ಎಂದು ದುಬೈಯಿಂದ ಫೋನು ಮಾಡಿ, ಟಿಕೆಟಿನ ಫೋಟೋ ಕಳಿಸಿ, ನೀನು ವಿಮಾನ ಹತ್ತಿದ್ದೆ. ಹೊತ್ತು ಮುಳುಗಿದ ಮೇಲೆ ಸುಡುವ ಕ್ರಮ ನಿಮ್ಮಲ್ಲಿಲ್ಲ. ಇನ್ನೊಂದು ದಿನ ಇಡುವಂತೆಯೂ ಇರಲಿಲ್ಲ.

ಮಾವ ನನ್ನನ್ನು ಕರೆದರು. "ಪೇಪರಿನವರೇ, ನೀವೊಮ್ಮೆ ನೋಡಿ ಹೇಳಿ ಮಾರಾಯ್ರೆ. ಇಲ್ಲಿ ಒಬ್ಬೊಬ್ಬ ಒಂದೊಂದು ಗಂಟೆ ಹೇಳ್ತಾನೆ, ಏಲಂ ಕೂಗಿದ ಹಾಗೆ. ಅವ ಬೆಳಕಿರುವಾಗ ಮುಟ್ಟುತ್ತಾನಾ?"

ದುಬೈ ಬಿಡುವುದು ಹನ್ನೊಂದೂಕಾಲು, ಮಂಗಳೂರು ಮುಟ್ಟುವುದು ನಾಲ್ಕೂಕಾಲು ಎಂದಿತ್ತು. ಹಾರಾಟ ಮೂರೂವರೆ ಗಂಟೆಯದ್ದು. ಉಳಿದ ಒಂದೂವರೆ ಗಂಟೆ ಎರಡು ಊರಿನ ಗಡಿಯಾರಗಳ ಅಂತರ. ಅದು ಟಿಕೆಟಿನಲ್ಲಿ ಆಗಲೇ ಸೇರಿತ್ತು. ನಾನು ಅದನ್ನು ಇನ್ನೊಮ್ಮೆ ಸೇರಿಸಿದೆ. ಇಳಿಯುವಾಗ ಐದೂಮುಕ್ಕಾಲು, ಮನೆ ಮುಟ್ಟುವಾಗ ಏಳು ದಾಟುತ್ತದೆ ಎಂದೆ.

ಅಕ್ಕನ ಮಗಳು ವಾರಿಜ, ಗುರುವಾಯನಕೆರೆಯಲ್ಲಿ ಟೀಚರು, ನನ್ನನ್ನು ಮೆಲ್ಲನೆ ಕೇಳಿದಳು: "ಮಾಮ, ಇಳಿಯುವ ಟೈಮು ಇಲ್ಲಿಯದ್ದೇ ಹಾಕುವುದಲ್ವಾ?"

"ಅದು ಅಲ್ಲಿಯ ಟೈಮು ಮಾರಾಯ್ತಿ. ನಾನು ನೋಡಿದ್ದೇನೆ."

ಎರಡನೆಯ ಸಲ ನೋಡಿರಲಿಲ್ಲ. ಮಾವ ಸ್ವಲ್ಪ ಹೊತ್ತು ಗೇಟಿನ ಕಡೆ ನೋಡಿದರು. "ಹಾಗಾದರೆ ಎತ್ತುವ" ಎಂದರು.

ನೀನು ಆರಕ್ಕೆ ಮೊದಲೇ ಬಂದೆ. ತೆಂಗಿನ ತುದಿಯಲ್ಲಿ ಬಿಸಿಲು ಇನ್ನೂ ಇತ್ತು. ಬೂಟು ಕಳಚದೆ ಹೊಗೆಯ ಕಡೆ ಓಡಿದೆ, ಮಾವನ ಅಂಗಿ ಹಿಡಿದೆ. "ಅರ್ಧ ಗಂಟೆ... ಅರ್ಧ ಗಂಟೆ ತಡೆಯಲಿಕ್ಕೆ ಆಗಲಿಲ್ವಾ ನಿಮಗೆ?"

ಮಾವ ನನ್ನನ್ನು ತೋರಿಸಲಿಲ್ಲ. "ನನ್ನದೇ ಅವಸರ ಆಯ್ತು ಮಗಾ" ಎಂದರು. ವಾರಿಜ ನನ್ನ ಮುಖ ನೋಡಿದಳು. ಒಂದು ವಾಕ್ಯ ಸಾಕಿತ್ತು. ನಾನು ಚಪ್ಪಲಿ ಹುಡುಕುವವನ ಹಾಗೆ ಬಗ್ಗಿದೆ.

ಅಂದಿನಿಂದ ನೀನು ಅವರ ಮನೆಯ ಮೆಟ್ಟಿಲು ಹತ್ತಿಲ್ಲ. ಬಜ್ಪೆ ನಿಲ್ದಾಣಕ್ಕೆ ಇಳಿಯುವ ವಿಮಾನದ ಸದ್ದು ಕೇಳಿದರೆ ನನ್ನ ಬೆರಳುಗಳು ತಾವಾಗಿ ಎಣಿಸುತ್ತವೆ — ಇನ್ನೂ ಬೆಳಕುಂಟು, ತಡೆಯಿರಿ, ತಡೆಯಿರಿ... ಯಾರಿಗೆ ಹೇಳುತ್ತಿದ್ದೇನೆ?

ಪೇಪರಿನಲ್ಲಿ ತಪ್ಪು ಅಚ್ಚಾದರೆ ಮರುದಿನ ಅದೇ ಪುಟದಲ್ಲಿ ತಿದ್ದುಪಡಿ ಹಾಕುತ್ತೇವೆ. ಇದು ಹಾಗೆ ತಿದ್ದುವಂಥದ್ದಲ್ಲ. ಕ್ಷಮಿಸು ಎನ್ನುವ ಬಾಯಿ ನನಗಿಲ್ಲ.

ಇದನ್ನು ನಿನಗೆ ಕಳಿಸಿ, ನಾಳೆ ವಾಮದಪದವಿಗೆ, ಮಾವನಲ್ಲಿಗೆ ಹೋಗುತ್ತೇನೆ. ಅವರು ಕೂತುಕೊಳ್ಳಿ ಅನ್ನುತ್ತಾರೆ. ನಿಂತೇ ಹೇಳುತ್ತೇನೆ.