ಚೆನ್ನೆಮಣೆಗೆ ಕೂಗಿದವರು

ಹೋದ ತಿಂಗಳು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಶೃಂಗೇರಿ ಬಸ್ಸಿಗೆ ಕಾಯುತ್ತ ಫೋನು ತೀಡುತ್ತಿದ್ದೆ. ಹಿಂದೆ ಹೊತ್ತು ಹೋಗದವರು ಎಲೆ ಅಡಿಕೆ ಹಾಕುತ್ತಿದ್ದರು, ಈಗ ಇದು. ಹಳೇ ಸಾಮಾನು ಹರಾಜು ಹಾಕುವ ಆ್ಯಪೊಂದರಲ್ಲಿ ಹಿತ್ತಾಳೆ ಚೊಂಬು, ಗೋಡೆ ಗಡಿಯಾರ ಎಲ್ಲ ಸರಿದುಹೋಗಿ, ಒಂದು ಚೆನ್ನೆಮಣೆ ಬಂದು ನಿಂತಿತು. ಎರಡು ಸಾಲು, ಏಳೇಳು ಗುಳಿ, ಹಲಸಿನ ಮರದ್ದು. ಅಂಚಿನಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಅರ್ಧಚಂದ್ರ. ನಿಮಗೂ ಹೀಗಾಗಿದೆಯೋ ಏನೋ, ಕಣ್ಣು ಫೋಟೋ ನೋಡುತ್ತದೆ, ಮೂಗಿಗೆ ವಾಸನೆ ಬರುತ್ತದೆ. ನನಗೆ ಬಂದದ್ದು ಗಂಜಿ ಹಾಕಿದ ಬಟ್ಟೆಯ ವಾಸನೆ. ಬಸ್ಸು ಬಂತು, ಹೋಯಿತು. ನಾನು ಕೂತೇ ಇದ್ದೆ.

ಅದು ಕಮಲತ್ತೆಯ ಮಣೆ. ಅಪ್ಪನ ತಂಗಿ, ನರಸಿಂಹರಾಜಪುರದಲ್ಲಿ ಬಟ್ಟೆ ಹೊಲಿದುಕೊಂಡು ಒಬ್ಬಳೇ ಬಾಳಿದವಳು. ಬೇಸಿಗೆ ರಜೆಗೆ ನಾನೂ ತಮ್ಮ ರಾಜುವೂ ಅಲ್ಲಿಗೇ. ಅತ್ತೆ ಹೊಲಿಗೆ ಮಿಷನ್ ಮುಚ್ಚಿ ಗುಲಗಂಜಿ ಸುರಿದಳೆಂದರೆ ಮಧ್ಯಾಹ್ನಕ್ಕೆ ಕೊನೆಯೇ ಇರುತ್ತಿರಲಿಲ್ಲ. ಮಾಡಿನ ಗಾಜಿನ ಹಂಚಿನಿಂದ ಇಳಿದ ಬಿಸಿಲು, ತಾನೂ ಒಂದು ಕೈ ಆಡುತ್ತಿರುವಂತೆ, ಗುಳಿಯಿಂದ ಗುಳಿಗೆ ಮೆಲ್ಲಗೆ ಸರಿಯುತ್ತಿತ್ತು. ಕಾಯಿಗಳನ್ನು ಮುಟ್ಟಿ ಎಣಿಸಲು ಹೋದರೆ ಅತ್ತೆ ಕೈಮೇಲೆ ಹಗುರಾಗಿ ಹೊಡೆಯುತ್ತಿದ್ದಳು.

"ಕಣ್ಣಲ್ಲೇ ತಿಳ್ಕೊ. ಮುಟ್ಟಿ ಎಣಿಸಿದ್ರೆ ಎದುರಿಗಿದ್ದೋರನ್ನ ನಂಬ್ಲಿಲ್ಲ ಅಂತ ಆಗ್ತದೆ."

ರಾಜು ಮುಷ್ಟಿ ತುಂಬ ಕಾಯಿ ಹಿಡಿದು, ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ, ಯೋಚಿಸಿ ಯೋಚಿಸಿ ನಮಗೆ ತೂಕಡಿಕೆ ಬರಿಸುತ್ತಿದ್ದ.

ಅತ್ತೆ ಹೋದ ಮೇಲೆ ಆ ಬಾಡಿಗೆ ಮನೆ ಖಾಲಿ ಮಾಡುವಾಗ ಮಣೆ ಕಾಣಲಿಲ್ಲ. ಅವನು ಒಯ್ದ ಅಂತ ನಾನು, ನಾನು ಒಯ್ದೆ ಅಂತ ಅವನು. "ಕೇಳಿದ್ರೆ ಕೊಡ್ತಿರ್ಲಿಲ್ವಾ ಅಕ್ಕ?" ಅಂದ. ನಾನೂ ಅದನ್ನೇ ಅಂದೆ. ಒಂದು ಮರದ ತುಂಡಿಗಾಗಿ ಮಾತು ನಿಂತೇಹೋಯಿತು. ಅವನು ಬಾಳೆಹೊನ್ನೂರಿನಲ್ಲಿ ಕಾಫಿಪುಡಿ ಅಂಗಡಿ ಇಟ್ಟ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನಾನು ಬಸ್ಸಿನ ಆಚೆ ಬದಿಗೆ ಕೂರುತ್ತಿದ್ದೆ. ಹುರಿದ ಕಾಫಿಯ ಪರಿಮಳ ಆಚೆ ಬದಿಗೂ ಬರುತ್ತಿತ್ತು, ಏನು ಮಾಡೋದು!

ಆ್ಯಪಿನಲ್ಲಿ ಮಣೆ ಮಾರುತ್ತಿದ್ದವರು ಗುಜರಿ ವ್ಯಾಪಾರದವರು. ಎಲ್ಲಿ ಸಿಕ್ಕಿತು ಅಂತ ಅದರಲ್ಲೇ ಕೇಳಿದೆ. ನರಸಿಂಹರಾಜಪುರದಲ್ಲಿ ಖಾಲಿ ಮಾಡಿದ ಯಾವುದೋ ಮನೆಯ ಹಳೇ ಪಾತ್ರೆಯ ಮೂಟೆಯಲ್ಲಿ ಬಂದಿತ್ತು, ಇಷ್ಟು ದಿನ ಮೂಲೆಯಲ್ಲಿ ಬಿದ್ದಿತ್ತು ಅಂದರು. ಹಾಗಾದರೆ ರಾಜು ಒಯ್ದಿರಲಿಲ್ಲ. ನಾನೂ ಒಯ್ದಿರಲಿಲ್ಲ ಅನ್ನುವುದು ನನಗೆ ಮೊದಲೇ ಗೊತ್ತಿತ್ತು. ಅದರಿಂದ ಯಾರಿಗೆ ಏನು ಉಪಯೋಗವಾಗಿತ್ತು?

ಹರಾಜಿಗೆ ಸೇರಿದೆ. ಊರಿನ ಸವಾಲಿನಲ್ಲಾದರೆ ಕೂಗುವವರ ಮುಖ ಕಾಣುತ್ತದೆ, ಯಾರಿಗೆ ಬಿಟ್ಟುಕೊಡಬೇಕು ಅನ್ನುವುದೂ ತಿಳಿಯುತ್ತದೆ. ಇಲ್ಲಿ ಹೆಸರಿನ ಜಾಗದಲ್ಲಿ ಬರೀ ಚುಕ್ಕಿ. ನನ್ನ ಜೊತೆ ಇನ್ನಿಬ್ಬರಿದ್ದರು. ಒಬ್ಬರು ಬೇಗ ಬಿಟ್ಟುಹೋದರು. ಇನ್ನೊಬ್ಬರು ನಾನು ಏರಿಸಿದಾಗಲೆಲ್ಲ ಬಹಳ ಹೊತ್ತು ಸುಮ್ಮನಿದ್ದು, ಇನ್ನೇನು ಮುಗಿಯಿತು ಅನ್ನುವಾಗ ತಾವೂ ಏರಿಸುತ್ತಿದ್ದರು. ಆ ಮೌನದಲ್ಲಿ ನನಗೆ ಗಾಳಿಯಲ್ಲಿ ನಿಂತ ಮುಷ್ಟಿ ಕಂಡಿತು. ರಾಜುವೇ! ಮೊದಲು ಸಿಟ್ಟು ಬಂತು. ಆಮೇಲೆ, ಅವನಿಗೂ ಇಷ್ಟೊಂದು ಬೇಕಾಗಿತ್ತಲ್ಲ ಅಂತ ಏನೋ ಆಯಿತು. ಬೆರಳು ಹಿಂದೆ ತೆಗೆದೆ. ಅವನಿಗೇ ಇರಲಿ.

ಸಂಜೆ ಫೋನು ಮಾಡಿದೆ.

"ಮಣೆ ಸಿಕ್ತಲ್ಲ ಮಾರಾಯ, ಜೋಪಾನ."

ಅವನು ಮೆಲ್ಲಗೆ ಕೇಳಿದ: "ಎಂತ ಅಕ್ಕ ಹೇಳ್ತಿದ್ದೀಯ? ತಗೊಂಡಿದ್ದು ನೀನಲ್ವಾ? ಇನ್ನಿಬ್ಬರಲ್ಲಿ ಒಬ್ಬಳು ನೀನೇ ಅನ್ನಿಸ್ತು. ಅದಕ್ಕೇ ನಾನು ಮೊದ್ಲೇ ಬಿಟ್ಟೆ."

"ಅಯ್ಯೋ, ನಾನೂ ನೀನು ಅಂತಲೇ ಬಿಟ್ಟಿದ್ದು!"

ಮೊದಲು ನಕ್ಕವನು ಅವನು. ಆ ನಗು ನಡುವೆಲ್ಲೋ ಅಳುವಾಗಿ ಮತ್ತೆ ನಗುವಾಯಿತು. ಯಾವುದು ಅವನದು, ಯಾವುದು ನನ್ನದು ತಿಳಿಯಲಿಲ್ಲ.

ಭಾನುವಾರ ಮನೆಗೆ ಬಂದ. ಕೂದಲೆಲ್ಲ ಬೆಳ್ಳಗಾಗಿದೆ. ಅಂಗಳದ ಮಣ್ಣಿನಲ್ಲೇ ಗುಳಿ ತೋಡಿ, ಹುಣಸೆಬೀಜ ಹಾಕಿ, ಮೊಣಕಾಲಿಗೆ ಬೈದುಕೊಳ್ಳುತ್ತ ಎದುರುಬದುರು ಕೂತೆವು.

"ಯಾರು ತಗೊಂಡಿರಬಹುದು ಅಕ್ಕ?"

"ಯಾರಾದ್ರೂ ಆಗ್ಲಿ. ಅವ್ರ ಮನೇಲಿ ಇಬ್ರಿದ್ರೆ ಸಾಕು. ಒಬ್ರೇ ಆಡೋ ಆಟ ಅಲ್ಲ ಅದು."

"ಸರಿ, ಶುರು ಮಾಡು," ಅಂದ. "ಮೊದಲ ಕೈ ನಿಂದೇ."