ಬಲಗೈ ಪಕ್ಕದ ಲೋಟ

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಹಾಸನದ ಕಡೆಯಿಂದ ಮದುವೆಯಾಗಿ ಕುಶಾಲನಗರಕ್ಕೆ ಬಂದ ನನಗೆ ಮೊದಲು ನಗು ತರಿಸಿದ್ದು ಮಾವನ ವ್ಯಾಪಾರ. ಸುತ್ತ ಎಲ್ಲಿ ನೋಡಿದರೂ ಕಾಫಿ, ಈ ಪುಣ್ಯಾತ್ಮ ಮಾರುತ್ತಿದ್ದುದು ಟೀ ಸೊಪ್ಪು! ನನ್ನ ತವರಿನಲ್ಲಿ ಟೀ ಎಂದರೆ ನೆಗಡಿಯಾದಾಗ ಕುಡಿಯುವ ಕಷಾಯದ ಸಾಲಿಗೇ ಸೇರಿತ್ತು.

ಆದರೆ ಎಸ್ಟೇಟಿನ ಕೂಲಿಯವರ ಲೈನುಮನೆಗಳಿಗೂ ಪೇಟೆಯ ಹೋಟೆಲುಗಳಿಗೂ ಟೀ ಬೇಕೇ ಬೇಕು. ಅವರೆಲ್ಲ ನಂಬಿದ್ದು ಮಾವನ ನಾಲಿಗೆಯನ್ನು. ನೀಲಗಿರಿಯದು, ವಯನಾಡಿನದು, ಶ್ರೀಮಂಗಲದ ಕಡೆಯದು ಎಂದು ಲಾರಿಯವರ ಕೈಯಲ್ಲಿ ಮಾದರಿ ಪೊಟ್ಟಣಗಳು ಬರುತ್ತಿದ್ದವು. ಅತ್ತೆ ಅವನ್ನು ಬೇರೆ ಬೇರೆಯಾಗಿ ಕುದಿನೀರಿಗೆ ಹಾಕಿ, ಸೋಸಿ, ತಾವೂ ಒಂದೊಂದು ಗುಟುಕು ನೋಡಿ, ಲೋಟಗಳನ್ನು ಜಗುಲಿಗೆ ಒಯ್ದು ಮಾವನ ಮುಂದೆ ಸಾಲಾಗಿಡುವರು. ಹಾಲಿಲ್ಲ, ಬೆಲ್ಲವಿಲ್ಲ. ಮಾವ ಸೊರ್ರೆಂದು ಎಳೆದು, ಕಣ್ಣು ಮುಚ್ಚಿ, ಒಂದು ಲೋಟ ಮುಟ್ಟಿ 'ಇದು' ಅನ್ನುವರು. ಆ ಟೀಯೇ ಪೆಟ್ಟಿಗೆಗಟ್ಟಲೆ ಬರುತ್ತಿತ್ತು.

ಉಳಿದದ್ದನ್ನು ಕುಡಿದೂ ಕುಡಿದೂ ನನಗೂ ಹುಚ್ಚು ಹಿಡಿಯಿತು. ನೀಲಗಿರಿಯದು ತೆಳು ಕೆಂಪು, ಮೂಗಿನ ಹತ್ತಿರ ತಂದರೆ ಹೂವಿನ ವಾಸನೆ. ವಯನಾಡಿನದು ಕಡು, ನಾಲಿಗೆಯನ್ನು ಹಿಡಿದೆಳೆಯುತ್ತಿತ್ತು. ಶ್ರೀಮಂಗಲದ್ದು ಸಾಧು, ಗಂಟಲಿಗಿಳಿದ ಮೇಲೆ ಒಂದಿಷ್ಟು ಸಿಹಿ ಬಿಡುತ್ತಿತ್ತು. ನನಗೆ ಅದೇ ಇಷ್ಟ.

ಒಮ್ಮೆ ಅತ್ತೆ ನಾದಿನಿಯ ಬಾಣಂತನಕ್ಕೆ ಹೋದರು. ಟೀ ಕಾಸುವ ಕೆಲಸ ನನ್ನ ಪಾಲಿಗೆ ಬಂತು. ಆ ಸಲ ಶ್ರೀಮಂಗಲದ ಪೊಟ್ಟಣ ಕರಿಮೆಣಸಿನ ಮೂಟೆಗಳ ನಡುವೆ ಕೂತು ಬಂದಿತ್ತು. ಟೀ ಸೊಪ್ಪು ಪಕ್ಕದಲ್ಲಿದ್ದವರ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಒಂದು ಗುಟುಕಿಗೇ ಮೆಣಸಿನ ಘಾಟು ಮೂಗಿಗೆ ಹೊಡೆಯಿತು. ಮಾವ ಹೇಗೂ ಇದನ್ನು ಆಚೆ ತಳ್ಳುತ್ತಾರೆ ಅಂದುಕೊಂಡು ಲೋಟಗಳನ್ನು ಕೈಗೆ ಬಂದಂತೆ ಇಟ್ಟು ಬಂದೆ.

ಜಗುಲಿಯಲ್ಲಿ ಹೋಟೆಲಿನವರೊಬ್ಬರು ಕಾಯುತ್ತಿದ್ದರು. ಮಾವ ಎಲ್ಲವನ್ನೂ ಎಳೆದು ನೋಡಿ, ಬಲಗೈ ಪಕ್ಕದ್ದನ್ನೇ ಮುಟ್ಟಿ 'ಇದು' ಅಂದರು. ಮೆಣಸಿನದು! ಆ ಟೀ ಹೋಟೆಲಿಗೆ ಹೋದರೆ ಮಾವನ ಹೆಸರು ಸಂಜೆಯೊಳಗೆ ಪೇಟೆಯ ಬಾಯಿಗೆ ಬೀಳುತ್ತಿತ್ತು. ಎದುರಿಗೆ ನಿಂತು 'ತಪ್ಪು' ಎನ್ನಲು ಸೊಸೆಗೆ ಬಾಯಿ ಬರುತ್ತದೆಯೇ? ಕಾಫಿ ಬಟ್ಟೆಯಲ್ಲಿ ಸೋಸಿಬಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಲೋಟಗಳನ್ನೆಲ್ಲ ಒಳಗೆ ತಂದೆ. ನೀಲಗಿರಿಯದನ್ನು ಮತ್ತೆ ಕಾಸಿ ಮಾವನ ಕೈಗೇ ಕೊಟ್ಟೆ. ಅವರು ಒಂದು ಗುಟುಕು ಎಳೆದು ನನ್ನ ಮುಖ ನೋಡಿದರು. "ಹೂಂ, ಇದೇ," ಅಂದರು.

ಹೋಟೆಲಿನವರು ಹೋದ ಮೇಲೆ ಕರೆದರು.

"ನೀನು ಬರೋ ಮುಂಚೆ ನಂಗೊಂದು ದೊಡ್ಡ ಜ್ವರ ಬಂದಿತ್ತು. ಆಗಿಂದ ನನ್ನ ಮೂಗಿಗೂ ನಾಲಿಗೆಗೂ ಏನೂ ಗೊತ್ತಾಗಲ್ಲ ಕಣವ್ವ. ನಿಮ್ಮತ್ತೆ ತನಗೆ ಹಿಡಿಸಿದ್ದನ್ನ ನನ್ನ ಬಲಗೈ ಪಕ್ಕಕ್ಕೇ ಇಡ್ತಾಳೆ. ಅದು ಅವಳಿಗೇ ಗೊತ್ತಿಲ್ಲದ ಅಭ್ಯಾಸ. ನಾನು ಅದನ್ನ ನೋಡ್ಕೊಂಡು ಹೇಳ್ತೀನಿ. ಅವಳಿಗೆ ಮಾತ್ರ ಹೇಳ್ಬೇಡ. ನೊಂದ್ಕೊಳ್ತಾಳೆ."

ನನಗೆ ಅಯ್ಯೋ ಅನ್ನಿಸಿತು. ಪೇಟೆಗೆಲ್ಲ ರುಚಿ ಹೇಳುವ ಮನುಷ್ಯನಿಗೆ ಎಲ್ಲ ಟೀಯೂ ಬಿಸಿನೀರು.

ಅತ್ತೆ ಊರಿಂದ ಬಂದವರು ಕಾಲು ತೊಳೆದು ನೇರ ಅಡುಗೆಮನೆಗೆ ಬಂದರು. ಲೋಟ ಹೇಗಿಡುತ್ತಿದ್ದೆ ಎಂದು ಕೇಳಿದರು. ಈಗೀಗ ಒಳ್ಳೆಯದನ್ನು ಬಲಗೈ ಪಕ್ಕ ಇಡುತ್ತಿದ್ದೇನೆ ಎಂದೆ. ಅವರು ಉಸಿರು ಬಿಟ್ಟು ಅಲ್ಲೇ ಮಣೆ ಎಳೆದು ಕೂತರು.

"ಜ್ವರ ಬಿಟ್ಟ ಮೇಲೆ ಸಾರಿಗೆ ಇಂಗು ಮರೆತ್ರೂ ಒಂದಿನಾನೂ ಬೈಲಿಲ್ಲ ಕಣೇ. ಆಗ್ಲೇ ಗೊತ್ತಾಯ್ತು ನಂಗೆ. ಪಾಪ, ಕೈಗೆ ಹತ್ರ ಇರೋದನ್ನೇ ಆರಿಸ್ತಾರೆ, ಅದಕ್ಕೇ ಒಳ್ಳೇದನ್ನ ಅಲ್ಲಿಡ್ತೀನಿ. ನಂಗೆ ಗೊತ್ತು ಅಂತ ಅವರಿಗೆ ಹೇಳ್ಬೇಡ ಮಗಾ. ಕುಗ್ಗಿ ಹೋಗ್ತಾರೆ."

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಅಮ್ಮ ಬೈಯುತ್ತಿದ್ದಳು. ಅವತ್ತಿನಿಂದ ನಿಂತಿತು.

ಮುಂದಿನ ಸಲ ಅತ್ತೆಯೇ ಲೋಟ ಜೋಡಿಸಿದರು. ಮಾವ ಸೊರ್ರೆಂದು ಎಳೆದರು, ಕಣ್ಣು ಮುಚ್ಚಿದರು, ಬಲಗೈ ಪಕ್ಕದ ಲೋಟ ಮುಟ್ಟಿದರು. "ಇದು."

"ನಿಮ್ಮ ನಾಲಿಗೆ ಅಂದ್ರೆ ನಾಲಿಗೆ," ಅಂದರು ಅತ್ತೆ.

ಆಮೇಲೆ ಇಬ್ಬರೂ, ಒಬ್ಬರಿಗೊಬ್ಬರು ಕಾಣದ ಹಾಗೆ, ನನ್ನ ಕಡೆ ನೋಡಿದರು.